ಹೊಲದ ಅಂಚಿನ ತೆನೆ ಯಾರಿಗೆ? ಮಹಿಳಾ ಕೂಟದ ಅಕ್ಕಂದಿರಿಗೆ ಒಂದು ಬಹಿರಂಗ ಪತ್ರ

ಬೆಂಗಳೂರು, ಬೆಳಗಾವಿ, ಕಾರವಾರ, ಬೀದರ್, ಹೀಗೆ ಮಿಲಿಟರಿ ಇರುವ ಊರುಗಳ ಕನ್ನಡ ಕ್ರೈಸ್ತ ಸಭೆಗಳಲ್ಲಿ ಮಹಿಳಾ ಕೂಟ ನಡೆಸುವ ಎಲ್ಲ ಅಕ್ಕಂದಿರಿಗೆ, ಸಭಾಪಾಲಕರಾದ ಅಯ್ಯನವರ ಮನೆಯ ಅಮ್ಮನವರಿಗೆ, ಕರ್ತನ ನಾಮದಲ್ಲಿ ವಂದನೆ.

ಕಳೆದ ಭಾನುವಾರ ಆರಾಧನೆ ಮುಗಿಯುವ ಹೊತ್ತಿಗೆ ಹಿಂದಿನ ಬೆಂಚಿನ ಹುಡುಗಿ ಎದ್ದು ಹೋದಳು. ಮೂರು ವಾರದಿಂದ ನೋಡುತ್ತಿದ್ದೇನೆ, ಅಯ್ಯನವರು ಆಶೀರ್ವಾದ ಹೇಳುವ ಮೊದಲೇ ಹೊರಟುಬಿಡುತ್ತಾಳೆ. ಈ ಸಲ ನಾನೂ ಹಿಂದೆಯೇ ಹೋದೆ. ಗೇಟಿನ ಹತ್ತಿರ ಆಟೋಗೆ ಕಾಯುತ್ತಿದ್ದಳು. ಬೀದರ್ ಜಿಲ್ಲೆಯವಳು. 22 ವರ್ಷ. ಮದುವೆಯಾಗಿ ಎಂಟು ತಿಂಗಳು, ಅದರಲ್ಲಿ ಗಂಡ ಜೊತೆಗಿದ್ದದ್ದು ಮೂರೇ ತಿಂಗಳು, ಆಮೇಲೆ ಸೈನಿಕನಾದ ಅವನಿಗೆ ಫೀಲ್ಡ್ ಪೋಸ್ಟಿಂಗ್ ಬಂತು, ಹೆಂಡತಿಯನ್ನು ಕರೆದೊಯ್ಯಲಾಗದ ಕಡೆಗೆ. ಯಾಕಮ್ಮ ಇಷ್ಟು ಬೇಗ ಹೋಗ್ತೀಯ ಎಂದು ಕೇಳಿದೆ. "ಮುಗಿದ ಮೇಲೆ ಎಲ್ಲರೂ ಗುಂಪು ಗುಂಪಾಗಿ ನಿಂತು ಮಾತಾಡ್ತಾರೆ ಆಂಟಿ. ನಾನು ಎಲ್ಲಿ ನಿಂತ್ಕೋಬೇಕು ಅಂತ ಗೊತ್ತಾಗಲ್ಲ" ಅಂದಳು.

ಆ ಮಾತು ಕೇಳಿ ಮನೆಗೆ ಬಂದವಳು ಊಟ ಮಾಡಲಾಗಲಿಲ್ಲ. ಅದಕ್ಕೇ ಈ ಪತ್ರ.

ನನಗೂ ಒಂದು ಕಾಲದಲ್ಲಿ ಎಲ್ಲಿ ನಿಲ್ಲಬೇಕು ಎಂದು ಗೊತ್ತಾಗುತ್ತಿರಲಿಲ್ಲ. 1997ರಲ್ಲಿ ನನಗೆ 21 ವರ್ಷ. ನಾನು ಹುಟ್ಟಿ ಬೆಳೆದದ್ದು ಬೆಟಗೇರಿಯಲ್ಲಿ, ಬಾಸೆಲ್ ಮಿಶನ್ ಕಾಲದ ಸಭೆಯಲ್ಲಿ. ಅಲ್ಲಿ ಸಭೆ ಅಂದರೆ ಒಂದು ಓಣಿ ಇದ್ದ ಹಾಗೆ, ಯಾರ ಮನೆಯಲ್ಲಿ ಇವತ್ತು ಒಲೆ ಹೊತ್ತಿಲ್ಲ ಅನ್ನುವುದೂ ಎಲ್ಲರಿಗೂ ಗೊತ್ತಿರುತ್ತಿತ್ತು. ಮದುವೆಯಾಗಿ ಬೆಂಗಳೂರಿಗೆ ಬಂದೆ. ನಮ್ಮವರು ಸೈನ್ಯದ ಇಂಜಿನಿಯರ್ ದಳವಾದ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಅಲಸೂರು ಕೆರೆ ಪಕ್ಕದ ಎಂಇಜಿ ಸೆಂಟರ್ ಅಂದರೆ ಅವರಿಗೆ ತವರುಮನೆ. ಇಂಜಿನಿಯರ್‌ಗಳ ಧ್ಯೇಯವಾಕ್ಯ 'ಸರ್ವತ್ರ' ಎಂದು. ಎಲ್ಲ ಕಡೆಯೂ ನಾವು ಎಂದು ಅರ್ಥ. ಗಂಡಂದಿರು ಎಲ್ಲ ಕಡೆ ಇರುತ್ತಾರೆ, ಹೆಂಡತಿಗೆ ಮಾತ್ರ ಒಂದು ಕಡೆಯೂ ಊರು ಅಂತ ಇರುವುದಿಲ್ಲ.

ಹತ್ತಿರದ ಒಂದು ಸಭೆಗೆ ಹೋಗಲು ಶುರು ಮಾಡಿದೆ. ಸಭೆಯ ಹೆಸರು ಹೇಳುವುದಿಲ್ಲ, ಬೇಕಾಗಿಯೂ ಇಲ್ಲ. ಮಹಿಳಾ ಕೂಟಕ್ಕೆ ಸೇರಿಕೊಳ್ಳುತ್ತೇನೆ ಎಂದು ಕೇಳಿದಾಗ ಒಬ್ಬರು ನನ್ನ ಮೆಂಬರ್‌ಶಿಪ್ ಎಲ್ಲಿದೆ, ಎಷ್ಟು ವರ್ಷ ಇಲ್ಲಿರುತ್ತೀರಿ ಎಂದು ವಿಚಾರಿಸಿದರು. ಎರಡು ಮೂರು ವರ್ಷ ಇರಬಹುದು, ಆಮೇಲೆ ಪೋಸ್ಟಿಂಗ್ ಹೇಗೆ ಬರುತ್ತದೋ ಹಾಗೆ ಅಂದೆ. "ಅಯ್ಯೋ, ಹಾಗಾದ್ರೆ ನೀವು ಇರೋರಲ್ಲ ಬಿಡಿ" ಅಂದರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ನಗುತ್ತಲೇ ಹೇಳಿದರು. ಆದರೆ ಆ ನಾಲ್ಕು ಮಾತು ನನ್ನ ಜೊತೆ ಜಮ್ಮುವಿಗೂ ಬಂತು, ಪುಣೆಗೂ ಬಂತು, ಇವತ್ತಿಗೂ ಇದೆ.

ಈ ವರ್ಷ ನಮ್ಮ ಕೂಟದಲ್ಲಿ 'ಪರಿಶುದ್ಧತೆ' ಎಂಬ ವಿಷಯ ತೆಗೆದುಕೊಂಡಿದ್ದೇವೆ. ಬಹಳ ಒಳ್ಳೆಯ ವಿಷಯ. ಯಾಜಕಕಾಂಡ 19ನೇ ಅಧ್ಯಾಯದಿಂದಲೇ ಶುರು ಮಾಡಿದೆವು, ನಾನು ಪರಿಶುದ್ಧನಾಗಿರುವುದರಿಂದ ನೀವೂ ಪರಿಶುದ್ಧರಾಗಿರಬೇಕು ಎಂದು ದೇವರು ಮೋಶೆಗೆ ಹೇಳಿದ ಆ ಎರಡನೇ ವಚನದಿಂದ. ಅಲ್ಲಿಂದ ನಾವು ಎಲ್ಲಿಗೆ ಹೋದೆವು? ಒಡವೆಗೆ ಹೋದೆವು. ತಲೆಯ ಮೇಲೆ ಸೆರಗು ಹಾಕುವುದಕ್ಕೆ ಹೋದೆವು. ಸಿನಿಮಾ, ಸೀರಿಯಲ್, ಉಗುರು ಬಣ್ಣ. ಆ ವಿಷಯಗಳನ್ನು ಮಾತಾಡಬಾರದು ಅಂತ ನಾನು ಹೇಳುತ್ತಿಲ್ಲ. ಆದರೆ ಅದೇ ಅಧ್ಯಾಯವನ್ನು ಮುಂದಕ್ಕೆ ಓದಿದ್ದರೆ, ಸುಮ್ನೆ ಏಳೇ ವಚನ ಮುಂದಕ್ಕೆ, ದೇವರೇ ತನ್ನ ಮಾತಿಗೆ ಅರ್ಥ ಹೇಳುತ್ತಾನೆ. ಪೈರು ಕೊಯ್ಯುವಾಗ ಹೊಲದ ಅಂಚಿನವರೆಗೂ ಕೊಯ್ಯಬೇಡ. ಹಕ್ಕಲನ್ನು ಆರಿಸಬೇಡ. ಅದನ್ನು ಬಡವನಿಗೂ ಪರದೇಶಿಗೂ ಬಿಡು.

ಹಕ್ಕಲು ಅಂದರೆ ಏನೆಂದು ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಚಿಕ್ಕವಳಿದ್ದಾಗ ಅಜ್ಜಿಯ ಜೊತೆ ಶೇಂಗಾ ಕಿತ್ತ ಹೊಲಕ್ಕೆ ಹೋಗುತ್ತಿದ್ದೆ, ಮಣ್ಣು ಕೆದರಿ ಉಳಿದ ಕಾಯಿ ಆರಿಸುವುದಕ್ಕೆ. ಕೆಲವರು ಹಕ್ಕಲಿಗೂ ಕಾವಲು ಹಾಕುತ್ತಿದ್ದರು. ಕೆಲವು ಹೊಲದವರು ಮಾತ್ರ ನಮ್ಮನ್ನು ನೋಡಿ ಮುಖ ಆ ಕಡೆ ತಿರುಗಿಸಿ ಕುಳಿತುಕೊಳ್ಳುತ್ತಿದ್ದರು, ನಾವು ಸಂಕೋಚ ಪಡದೆ ಆರಿಸಲಿ ಅಂತ. ಯಾರೂ ಅಜ್ಜಿಯನ್ನು ನೀನು ಈ ಊರಲ್ಲಿ ಎಷ್ಟು ವರ್ಷ ಇರ್ತೀಯ ಎಂದು ಕೇಳಲಿಲ್ಲ. ಅಂಚನ್ನು ಬಿಡುವ ರೈತನಿಗೆ ಬರುವವರು ಯಾರು ಅಂತ ಗೊತ್ತಿರುವುದಿಲ್ಲ. ಯಾರೂ ಬರುವ ಮೊದಲೇ ಬಿಟ್ಟಿರಬೇಕು. ಬೇತ್ಲೆಹೇಮಿಗೆ ಪರದೇಶಿಯಾದ ರೂತಳು ಬಂದಾಗ ಅವಳಿಗೆ ಅನ್ನ ಸಿಕ್ಕಿದ್ದು ಈ ನಿಯಮದಿಂದಲೇ ಅಲ್ವಾ? ಹೊಲದ ಒಡೆಯ ಬೋವಜನಂತೂ ಅಷ್ಟಕ್ಕೇ ನಿಲ್ಲದೆ, ಸಿವುಡಿನಿಂದ ಬೇಕೆಂದೇ ಕೆಲವು ತೆನೆ ಕೆಳಗೆ ಬೀಳಿಸಿ, ಅವಳನ್ನು ಗದರಬೇಡಿ ಎಂದು ಆಳುಗಳಿಗೆ ಹೇಳಿದ.

ಅಕ್ಕಂದಿರೇ, ನಮ್ಮ ಕೂಟವನ್ನು ನಾವು ಅಂಚಿನವರೆಗೂ ಕೊಯ್ದುಬಿಟ್ಟಿದ್ದೇವೆ. ಬುಧವಾರ ಮೂರು ಗಂಟೆಗೆ ಕೂಟ, ಎರಡು ಕೀರ್ತನೆ, ವರದಿ, ಸುಗ್ಗಿ ಹಬ್ಬದ ಲೆಕ್ಕ, ಗಾಯನ ಸ್ಪರ್ಧೆಗೆ ಯಾರು ಯಾರು, ಬೈಬಲ್ ಓದು, ಟೀ. ಒಂದು ಸಾಲು ಜಾಗವೂ ಖಾಲಿ ಇಲ್ಲ. ಹೊಸದಾಗಿ ಬಂದವಳಿಗೆ ಮಾತು ಸಿಗುವುದು ಕೊನೆಯಲ್ಲಿ, "ಎದ್ದು ನಿಂತು ನಿಮ್ಮ ಹೆಸರು ಹೇಳಿ" ಅನ್ನುವಾಗ ಮಾತ್ರ. ಅವಳು ಹೆಸರು ಹೇಳುತ್ತಾಳೆ, ನಾವು ಚಪ್ಪಾಳೆ ತಟ್ಟುತ್ತೇವೆ, ಅವಳು ಕುಳಿತುಕೊಳ್ಳುತ್ತಾಳೆ.

1999ರ ಮೇ ತಿಂಗಳು. ನಾನು ಏಳು ತಿಂಗಳ ಬಸುರಿ. ಕಾರ್ಗಿಲ್ ಶುರುವಾಯಿತು. ಅವರ ಯುನಿಟ್ ಅತ್ತ ಹೋಗಿದೆ ಎಂದಷ್ಟೇ ಗೊತ್ತು, ಎಲ್ಲಿ ಅಂತ ಗೊತ್ತಿಲ್ಲ. ಕಾಗದ ಬರೆದರೆ ಕೇರ್ ಆಫ್ 56 ಎಪಿಒ, ಅಂದರೆ ಸೈನ್ಯದ ಅಂಚೆ ಕಚೇರಿ, ಅಂತ ಬರೆಯಬೇಕು, ಅದೊಂದೇ ವಿಳಾಸ, ಆ ಕಾಗದ ಬೆಟ್ಟ ಹತ್ತುತ್ತದೋ ಕಣಿವೆಯಲ್ಲಿ ಬಿದ್ದಿರುತ್ತದೋ ದೇವರಿಗೇ ಗೊತ್ತು. ಪಕ್ಕದ ಕ್ವಾರ್ಟರ್ಸಿನ ಸರ್ದಾರ್ ಹವಾಲ್ದಾರರ ಹೆಂಡತಿ ರಾತ್ರಿ ಬಂದು ನನ್ನ ಕೋಣೆಯಲ್ಲೇ ಮಲಗುತ್ತಿದ್ದರು. ಅವರಿಗೆ ಕನ್ನಡ ಬರುತ್ತಿರಲಿಲ್ಲ, ನನಗೆ ಹಿಂದಿ ಅಷ್ಟಕ್ಕಷ್ಟೇ. ಸಭೆಯಲ್ಲಿ ಯೋಧರಿಗಾಗಿ ಪ್ರತಿ ಭಾನುವಾರ ಪ್ರಾರ್ಥನೆ ಮಾಡುತ್ತಿದ್ದರು, ನಿಜ. ಆ ಯೋಧರಲ್ಲಿ ಒಬ್ಬನ ಹೆಂಡತಿ ಹಿಂದಿನ ಬೆಂಚಿನಲ್ಲಿ ಕುಳಿತಿದ್ದಾಳೆ ಅನ್ನುವುದು ಯಾರಿಗೂ ಹೊಳೆಯಲಿಲ್ಲ.

ಒಬ್ಬರಿಗೆ ಹೊಳೆಯಿತು. ಸುಮಾರು 70 ವರ್ಷದ ಒಬ್ಬ ಅಜ್ಜಿ. ಕೂಟದಲ್ಲಿ ಅವರಿಗೆ ಯಾವ ಹುದ್ದೆಯೂ ಇರಲಿಲ್ಲ. ಒಂದು ಗುರುವಾರ ಬಸ್ಸಿನಲ್ಲಿ ಬಂದು, ಗೇಟಿನಲ್ಲಿ ಮುಕ್ಕಾಲು ಗಂಟೆ ಕಾದು, ಸೊಪ್ಪಿನ ಸಾರಿನ ಕ್ಯಾರಿಯರ್ ಹಿಡಿದುಕೊಂಡು ಬಾಗಿಲಿಗೆ ಬಂದರು. ಕಣ್ಣಿಗೆ ಪೊರೆ ಬಂದಿದೆ, ಒಂದು ಕೀರ್ತನೆ ಓದಿ ಹೇಳು ಮಗಳೇ ಅಂದರು. 121ನೇ ಕೀರ್ತನೆ ತೆಗೆದೆ. ಬೆಟ್ಟಗಳ ಕಡೆಗೆ ಕಣ್ಣೆತ್ತಿ ನೋಡುತ್ತೇನೆ, ನನಗೆ ಸಹಾಯ ಎಲ್ಲಿಂದ ಬರುತ್ತದೆ ಅನ್ನುವ ಕಡೆ ನನ್ನ ಗಂಟಲು ಕಟ್ಟಿತು. ಆ ದಿನಗಳಲ್ಲಿ ಬೆಟ್ಟ ಅಂದರೆ ನನಗೆ ಒಂದೇ ಬೆಟ್ಟ. ಅಜ್ಜಿ ಏನೂ ಹೇಳಲಿಲ್ಲ, ಮುಂದಿನ ಸಾಲನ್ನು ಬಾಯಿಪಾಠವಾಗಿ ಅವರೇ ಹೇಳಿದರು, ಅದರ ಮುಂದಿನದನ್ನೂ. ಆಮೇಲೆ ಈರುಳ್ಳಿ ಎಲ್ಲಿದೆ ಎಂದು ಕೇಳಿ ಹೆಚ್ಚಲು ಕುಳಿತರು. ಹೆರಿಗೆಯಾಗುವವರೆಗೂ ಪ್ರತಿ ಗುರುವಾರ ಬಂದರು. ನನ್ನ ಕಿವಿಯ ಓಲೆಯ ಬಗ್ಗೆ ಒಂದು ದಿನವೂ ಮಾತೆತ್ತಲಿಲ್ಲ. ಆದರೆ ನಾನು ರಾತ್ರಿಯಿಡೀ ಟಿವಿ ನೋಡಿ ನಿದ್ದೆಗೆಟ್ಟು ಎಲ್ಲರ ಮೇಲೆ ರೇಗುತ್ತಿದ್ದೆ, ಪಕ್ಕದ ಮನೆಯವರ ಮೇಲೂ ಒಮ್ಮೆ ಕೂಗಾಡಿದ್ದೆ, ಆ ವಿಷಯವನ್ನು ಮಾತ್ರ ನೇರವಾಗಿ ಹೇಳಿದರು: ಹೋಗಿ ಕ್ಷಮೆ ಕೇಳು ಎಂದು. ಹೋದೆ. ಅವರ ಮಾತನ್ನು ತೆಗೆದುಹಾಕಲು ಆಗುತ್ತಿರಲಿಲ್ಲ, ಯಾಕಂದರೆ ಅವರು ನನ್ನ ಅಡುಗೆಮನೆಯಲ್ಲಿ ಕೂತು ಹೇಳಿದ್ದರು.

ಹಿರಿಯ ಹೆಂಗಸರು ಎಳೆಯರಿಗೆ ಬುದ್ಧಿ ಹೇಳಬೇಕು ಎಂದು ತೀತನಿಗೆ ಬರೆದ ಪತ್ರದಲ್ಲಿ ಪೌಲ ಹೇಳುತ್ತಾನಲ್ಲ, ನಾವು ಆ ವಚನವನ್ನು ಬಹಳ ಓದುತ್ತೇವೆ. ನನಗೆ ಅದು ಅರ್ಥವಾದದ್ದು ಆ ಗುರುವಾರಗಳಲ್ಲಿ. ಎಳೆಯ ಹೆಂಡತಿಯರಿಗೆ ಪರಿಶುದ್ಧ ಜೀವನದ ಮಾತು ಬೇಡ, ಬರೀ ಪ್ರೀತಿ ಸಾಕು ಅನ್ನುವವಳಲ್ಲ ನಾನು. ಬೇಕೇ ಬೇಕು. ಒಂಟಿತನ ಏನೇನು ಮಾಡಿಸುತ್ತದೆ ಎಂದು ನಾನು ಕ್ವಾರ್ಟರ್ಸಿನಲ್ಲಿ 20 ವರ್ಷ ನೋಡಿದ್ದೇನೆ. ರಾತ್ರಿ ಎರಡು ಗಂಟೆಗೂ ಕೈಯಲ್ಲಿ ಫೋನು, ಮನೆಗೆ ಬೇಡದ ವಸ್ತುಗಳ ಕಂತು, ಗಂಡ ರಜೆಗೆ ಬಂದಾಗ ತಿಂಗಳುಗಳ ಕೋಪವೆಲ್ಲ ಮೊದಲ ದಿನವೇ ಹೊರಗೆ, ಅತ್ತೆಯ ಜೊತೆ ಮಾತು ಬಿಟ್ಟು ವರ್ಷ. ಇದನ್ನೆಲ್ಲ ಅವಳು ಯಾರ ಹತ್ತಿರ ಹೇಳಬೇಕು? ನಮ್ಮ ಹತ್ತಿರ ಹೇಳಬೇಕು. ಆದರೆ ನಾವು ಮೊದಲ ದಿನವೇ ಅವಳ ಚೂಡಿದಾರವನ್ನು ಮೇಲಿನಿಂದ ಕೆಳಗೆ ನೋಡಿದರೆ ಅವಳು ಹವಾಮಾನದ ಮಾತಾಡಿ ಹೋಗುತ್ತಾಳೆ.

ಇನ್ನೊಂದು ವಿಷಯ, ಇದನ್ನು ಬರೆಯಲು ಕಷ್ಟವಾದರೂ ಬರೆಯುತ್ತೇನೆ. ಗಂಡ ಊರಲ್ಲಿಲ್ಲದ ಹುಡುಗಿಯ ಮನೆಗೆ ಯಾರು ಬಂದರು, ಯಾರ ಬೈಕು ನಿಂತಿತ್ತು, ಯಾಕೆ ಅಷ್ಟು ಅಲಂಕಾರ, ಈ ಮಾತು ನಮ್ಮ ಕೂಟಗಳಲ್ಲಿ ನಡೆಯುತ್ತದೆ. ಪ್ರಾರ್ಥನೆಯ ಹೆಸರಿನಲ್ಲೂ ನಡೆಯುತ್ತದೆ, "ಅವಳಿಗೋಸ್ಕರ ಸ್ವಲ್ಪ ಪ್ರಾರ್ಥನೆ ಮಾಡಿ" ಅಂತ ಶುರುವಾಗಿ. ಅದೇ ಪರಿಶುದ್ಧತೆಯ ಅಧ್ಯಾಯದ 16ನೇ ವಚನ ಚಾಡಿ ಹೇಳುತ್ತಾ ತಿರುಗಬೇಡ ಎನ್ನುತ್ತದೆ. ಬತ್ಷೆಬೆಯನ್ನು ನೆನಪು ಮಾಡಿಕೊಳ್ಳಿ. ಅವಳು ಯಾರು? ಸೈನಿಕನ ಹೆಂಡತಿ. ಗಂಡ ಊರೀಯ ರಬ್ಬಾ ಪಟ್ಟಣದ ಮುತ್ತಿಗೆಯಲ್ಲಿದ್ದ, ಅವಳು ಯೆರೂಸಲೇಮಿನಲ್ಲಿ ಒಬ್ಬಳೇ. ಕರೆಕಳಿಸಿದವನು ರಾಜ ದಾವೀದ. ನಾತಾನ ಪ್ರವಾದಿ ಬೆರಳು ತೋರಿಸಿದ್ದು ಯಾರ ಕಡೆಗೆ? ದಾವೀದನ ಕಡೆಗೆ. ಅವನು ಹೇಳಿದ ಕುರಿಮರಿಯ ಕಥೆಯಲ್ಲಿ ಅವಳ ಮೇಲೆ ಒಂದು ತಪ್ಪನ್ನೂ ಹೊರಿಸಲಿಲ್ಲ. ಆದರೂ ಸಾವಿರಾರು ವರ್ಷದಿಂದ ನಾವು ಹೆಂಗಸರೇ ಅವಳು ಮಾಳಿಗೆಯಲ್ಲಿ ಯಾಕೆ ಸ್ನಾನ ಮಾಡುತ್ತಿದ್ದಳು ಎಂದು ಕೇಳುತ್ತಿದ್ದೇವೆ. ಮಾಳಿಗೆಯಲ್ಲಿದ್ದವನು ರಾಜ, ಮತ್ತೊಮ್ಮೆ ಓದಿ ನೋಡಿ.

ಹಾಗೆಯೇ ಸರ್ವ ಧರ್ಮ ಸ್ಥಳದ ವಿಷಯ. ಎಷ್ಟೋ ಯುನಿಟ್‌ಗಳಲ್ಲಿ ಇದು ಇದೆ, ಎಲ್ಲ ಧರ್ಮದವರಿಗೂ ಒಂದೇ ಸೂರು. ಹಬ್ಬಕ್ಕೆ ಕುಟುಂಬಗಳನ್ನೆಲ್ಲ ಕರೆಯುತ್ತಾರೆ. ಬಡಾ ಖಾನಾ ಇರುತ್ತದೆ. ಆವಾ, ಅಂದರೆ 1966ರಲ್ಲಿ ಶುರುವಾದ ಸೈನಿಕರ ಹೆಂಡತಿಯರ ಕಲ್ಯಾಣ ಸಂಘ, ಅದರ ಕಾರ್ಯಕ್ರಮಗಳಿರುತ್ತವೆ. ನಮ್ಮ ಹುಡುಗಿ ಅಲ್ಲಿ ಎಲ್ಲರ ಜೊತೆ ನಿಲ್ಲುತ್ತಾಳೆ. ಫೋಟೋ ವಾಟ್ಸಾಪಿನಲ್ಲಿ ಬರುತ್ತದೆ. ಮುಂದಿನ ಬುಧವಾರ ನಮ್ಮಲ್ಲಿ ಒಬ್ಬರು, ನೀನು ಅಲ್ಲಿಗೆ ಯಾಕೆ ಹೋಗಿದ್ದೆ, ಪ್ರಸಾದ ತಿಂದೆಯಾ ಎಂದು ಎಲ್ಲರ ಮುಂದೆ ಕೇಳುತ್ತಾರೆ.

ಇದಕ್ಕೂ ಬೈಬಲಿನಲ್ಲಿ ಒಂದು ಘಟನೆ ಇದೆ, ಎರಡನೇ ಅರಸುಗಳು ಐದನೇ ಅಧ್ಯಾಯ. ನಾಮಾನ ಸಿರಿಯಾದ ಸೇನಾಪತಿ. ಅವನ ಹೆಂಡತಿಯ ಹತ್ತಿರ ಇಸ್ರಾಯೇಲಿನಿಂದ ಸೆರೆಹಿಡಿದು ತಂದ ಒಬ್ಬ ಪುಟ್ಟ ಹುಡುಗಿ ಕೆಲಸಕ್ಕಿದ್ದಳು. ಅವಳು ಒಡತಿಗೆ ಹೇಳಿದ ಒಂದು ಮಾತಿನಿಂದ ನಾಮಾನ ಪ್ರವಾದಿ ಎಲೀಷನ ಹತ್ತಿರ ಬಂದ, ಕುಷ್ಠ ವಾಸಿಯಾಯಿತು. ನೋಡಿ, ಒಳ್ಳೆಯ ಸುದ್ದಿ ಆ ಮನೆಯೊಳಗೆ ಹೋದದ್ದು ಸೇನಾಪತಿಯ ಹೆಂಡತಿಯ ಕಿವಿಯಿಂದ. ವಾಪಸ್ ಹೋಗುವ ಮುಂಚೆ ನಾಮಾನ ಒಂದು ಮಾತು ಕೇಳಿಕೊಂಡ. ನನ್ನ ರಾಜ ರಿಮ್ಮೋನ್ ಎಂಬ ದೇವರ ಗುಡಿಗೆ ಹೋಗುವಾಗ ನನ್ನ ಕೈಗೆ ಒರಗಿಕೊಳ್ಳುತ್ತಾನೆ, ನಾನೂ ಬಗ್ಗಬೇಕಾಗುತ್ತದೆ, ದೇವರು ಇದೊಂದನ್ನು ಕ್ಷಮಿಸಲಿ ಅಂದ. ಎಲೀಷ ಅವನನ್ನು ನಿಲ್ಲಿಸಿ ವಿಚಾರಣೆ ಮಾಡಲಿಲ್ಲ. ಸಮಾಧಾನದಿಂದ ಹೋಗು ಅಂದ. ಎಲ್ಲವೂ ಸರಿ ಅಂತಲೂ ಹೇಳಲಿಲ್ಲ, ಅದನ್ನೂ ಗಮನಿಸಿ. ಹೊಸದಾಗಿ ನಂಬಿದವನ ಮನಸ್ಸು ದೇವರ ಕಡೆ ತಿರುಗಿದೆ, ಉಳಿದದ್ದನ್ನು ದೇವರು ನೋಡಿಕೊಳ್ಳುತ್ತಾನೆ ಎಂದು ಬಿಟ್ಟುಕೊಟ್ಟ. ಅಷ್ಟು ದೊಡ್ಡ ಪ್ರವಾದಿಗೆ ಇದ್ದ ತಾಳ್ಮೆ ನಮಗೆ 22 ವರ್ಷದ ಹುಡುಗಿಯ ವಿಷಯದಲ್ಲಿ ಯಾಕಿಲ್ಲ?

ನಮ್ಮ ಸಿಎಸ್‌ಐ, ಅಂದರೆ ಚರ್ಚ್ ಆಫ್ ಸೌತ್ ಇಂಡಿಯಾ, ಆದದ್ದು 1947ರಲ್ಲಿ; ಅದರ ಎಷ್ಟೋ ಸಭೆಗಳು ಅದಕ್ಕೂ ಮೊದಲು ವೆಸ್ಲಿಯನ್ ಮಿಶನ್ ಸಭೆಗಳೇ. ಬೀದರ್, ಬೆಳಗಾವಿ ಕಡೆ ಮೆಥೊಡಿಸ್ಟ್ ಸಭೆಗಳು ಈಗಲೂ ಇವೆ. ಪರಿಶುದ್ಧತೆ ಅನ್ನುವ ಮಾತು ನಮಗೆ ಬಂದದ್ದು ಹೆಚ್ಚಾಗಿ ಮೆಥೊಡಿಸ್ಟ್ ಪಂಥ ಶುರು ಮಾಡಿದ ಜಾನ್ ವೆಸ್ಲಿಯ ಕಡೆಯಿಂದ. ಒಬ್ಬೊಬ್ಬರೇ ಮೂಲೆಯಲ್ಲಿ ಕೂತು ಪರಿಶುದ್ಧರಾಗುವುದು ಸಾಧ್ಯವಿಲ್ಲ, ಜೊತೆ ಜೊತೆಯಾಗಿ ಬಾಳುವ ಪರಿಶುದ್ಧತೆ ಒಂದೇ ಇರುವುದು ಎಂದು ಅವನು 1739ರಲ್ಲೇ ಬರೆದ. ಅವನು ಅದನ್ನು ಕಲಿತದ್ದು ತಾಯಿಯ ಅಡುಗೆಮನೆಯಲ್ಲಿ ಅಂತ ನನಗೆ ಅನಿಸುತ್ತದೆ. 1711-12ರ ಚಳಿಗಾಲ, ಇಂಗ್ಲೆಂಡಿನ ಎಪ್‌ವರ್ತ್. ಗಂಡ ಲಂಡನ್ನಿಗೆ ಹೋಗಿ ತಿಂಗಳುಗಟ್ಟಲೆ ಬಂದಿಲ್ಲ. ಸುಸನ್ನಾ ವೆಸ್ಲಿ ಭಾನುವಾರ ಸಂಜೆ ತನ್ನ ಮಕ್ಕಳನ್ನು ಕೂರಿಸಿಕೊಂಡು ಪ್ರಾರ್ಥನೆ ಮಾಡಿಸುತ್ತಿದ್ದಳು. ಕೆಲಸದವರು ಬಂದರು, ನೆರೆಯವರು ಬಂದರು, ಸುಮಾರು 200 ಜನರಾದರು. ಗಂಡ ಊರಲ್ಲಿಲ್ಲದಾಗ ಹೆಂಗಸು ಹೀಗೆ ಮಾಡುತ್ತಿದ್ದಾಳೆ ಎಂದು ಆ ಸಭೆಯ ಸಹಾಯಕ ಪಾಲಕನೇ ಗಂಡನಿಗೆ ದೂರು ಬರೆದ. ಅವಳು ಬಾಗಿಲು ಮುಚ್ಚಲಿಲ್ಲ. ಆಗ ಜಾನ್‌ಗೆ ಎಂಟು ವರ್ಷ, ಅದೇ ಮನೆಯಲ್ಲಿದ್ದ. ಗಂಡ ದೂರದಲ್ಲಿರುವ ಹೆಂಗಸು ಸಹಾಯ ತೆಗೆದುಕೊಳ್ಳುವವಳು ಮಾತ್ರ ಅಂತ ನಾವು ಅಂದುಕೊಂಡಿದ್ದೇವೆ. ಅವಳ ಮನೆಯಲ್ಲೇ ಕೂಟ ನಡೆಯಬಹುದು ಎಂದು ನಮಗೆ ಯಾಕೆ ಹೊಳೆಯುವುದಿಲ್ಲ?

ನಾನು ಕೇಳುವುದು ದೊಡ್ಡದೇನಲ್ಲ. ಹೊಸ ಕಮಿಟಿ ಬೇಡ, ಬಜೆಟ್ ಬೇಡ. ಬುಧವಾರ ಮೂರು ಗಂಟೆ ಅಂದರೆ ಸ್ಕೂಲ್ ಬಸ್ ಬರುವ ಹೊತ್ತು, ಚಿಕ್ಕ ಮಕ್ಕಳಿರುವವರು ಯಾರೂ ಬರಲಾರರು, ಸಮಯವನ್ನು ಬೆಳಿಗ್ಗೆಗೆ ಬದಲಾಯಿಸೋಣ. ಕ್ರಿಸ್ಮಸ್ ದಿನ ಬೆಳಗಿನ ಜಾವದ ಆರಾಧನೆಗೆ ಒಬ್ಬಳೇ ಆಟೋ ಹಿಡಿದು ಬರುವ ಹುಡುಗಿಯನ್ನು ಯಾರಾದರೂ ಕಾರಿನಲ್ಲಿ ಕರೆತನ್ನಿ, ಊಟಕ್ಕೆ ಮನೆಗೂ ಕರೆಯಿರಿ. ಹೆರಿಗೆಗೆ ಮಿಲಿಟರಿ ಆಸ್ಪತ್ರೆಗೆ ಹೋಗುವಾಗ ಜೊತೆಗೆ ಒಬ್ಬರು ಇರಲಿ. ಮಿಜೋರಾಂನಿಂದಲೋ ಜಾರ್ಖಂಡಿನಿಂದಲೋ ಬಂದವಳಿಗೆ ಕನ್ನಡ ಬರುವುದಿಲ್ಲ ಅಂತ ಬಿಡಬೇಡಿ, ಪಕ್ಕದಲ್ಲಿ ಕೂತು ಅಧ್ಯಾಯ ತೆಗೆದುಕೊಟ್ಟರೆ ಅವಳು ತನ್ನ ಭಾಷೆಯ ಬೈಬಲಿನಲ್ಲಿ ಓದಿಕೊಳ್ಳುತ್ತಾಳೆ. ಗಂಡ ಎಲ್ಲಿದ್ದಾನೆ, ಯಾವ ಯುನಿಟ್ ಎಂದು ಮಾತ್ರ ಕೇಳಬೇಡಿ. ಅವಳು ಹೇಳುವ ಹಾಗಿಲ್ಲ. ಹೇಳಿದರೂ ಅದನ್ನು ಪ್ರಾರ್ಥನಾ ವಿಷಯ ಎಂದು ಗ್ರೂಪಿನಲ್ಲಿ ಹಾಕಲೇಬೇಡಿ. ಅವನ ಹೆಸರು ಹಿಡಿದು ಪ್ರಾರ್ಥನೆ ಮಾಡಿದರೆ ಸಾಕು, ಜಾಗ ದೇವರಿಗೆ ಗೊತ್ತು.

ಧರ್ಮೋಪದೇಶಕಾಂಡ 24ನೇ ಅಧ್ಯಾಯದಲ್ಲಿ ಒಂದು ನಿಯಮ ಇದೆ, ನಾವು ಅದನ್ನು ಓದುವುದು ಕಡಿಮೆ. ಹೊಸದಾಗಿ ಮದುವೆಯಾದವನನ್ನು ಯುದ್ಧಕ್ಕೆ ಕಳಿಸಬಾರದು, ಒಂದು ವರ್ಷ ಮನೆಯಲ್ಲಿದ್ದು ಹೆಂಡತಿಯನ್ನು ಸಂತೋಷಪಡಿಸಲಿ ಎಂದು. ಇವತ್ತು ಯಾವ ಸೈನ್ಯವೂ ಹಾಗೆ ನಡೆಯುವುದಕ್ಕಾಗುವುದಿಲ್ಲ. ಗಡಿ ಕಾಯಲೇಬೇಕು. ಆದರೆ ಆ ಹೊಸ ಹೆಂಡತಿಯ ಸಂತೋಷ ದೇವರಿಗೆ ಅಷ್ಟು ಮುಖ್ಯವಾಗಿತ್ತು. ಗಂಡ ಇರಲಾಗದ ಆ ವರ್ಷ ಅವಳ ಜೊತೆ ಯಾರಿರುತ್ತಾರೆ ಎಂದು ಆ ಹುಡುಗಿ ಆಟೋ ಹತ್ತಿದ ಮೇಲೆ ನಾನು ಅಲ್ಲೇ ನಿಂತು ಯೋಚಿಸುತ್ತಿದ್ದೆ.

ಸಂಜೆ ಅವಳಿಗೆ ಫೋನ್ ಮಾಡಿದೆ. ಈ ಸಲದ ಕೂಟ ನಿನ್ನ ಮನೆಯಲ್ಲಿ ಮಾಡೋಣವಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ, "ನನ್ನ ಹತ್ರ ನಾಲ್ಕೇ ಕುರ್ಚಿ ಇರೋದು ಆಂಟಿ" ಅಂದಳು. ಚಾಪೆ ನಾನು ತರುತ್ತೇನೆ ಅಂದೆ.

ನಮ್ಮ ಸಭೆಯ ಅಕ್ಕಂದಿರಿಗೆ ಮಾತ್ರ ಈ ಕೊನೆಯ ಮಾತು. ಮುಂದಿನ ಬುಧವಾರ ಬೆಳಿಗ್ಗೆ 10.30ಕ್ಕೆ. ಅದು ಕ್ವಾರ್ಟರ್ಸ್ ಆದ್ದರಿಂದ ಬರುವವರ ಹೆಸರನ್ನು ಅವಳು ಮೊದಲೇ ಗೇಟಿನಲ್ಲಿ ಕೊಡಬೇಕು, ಬರುವಾಗ ಆಧಾರ್ ಕಾರ್ಡ್ ಕೈಯಲ್ಲಿರಲಿ. ಸೋಮವಾರ ರಾತ್ರಿಯೊಳಗೆ ನನಗೆ ಹೆಸರು ಹೇಳಿ. ಸದ್ಯಕ್ಕೆ ಪಟ್ಟಿಯಲ್ಲಿ ಇಬ್ಬರಿದ್ದೇವೆ, ನಾನು ಮತ್ತು ಅಮ್ಮನವರು.